ಸಪ್ಲೈಯರ್ ಬದಲಾಯಿಸಿದ ಮೇಲೆ ಹಳೇ ಕಂಪನಿ ಫೈನಲ್ ಬಿಲ್‌ನಲ್ಲಿ ಗ್ಯಾಸ್ ರೀಡಿಂಗ್ ಜಾಸ್ತಿ ಹಾಕಿದೆ, ಯಾರನ್ನ ಹಿಡ್ಕೊಂಡು ಕೇಳ್ಬೇಕು? (ಯುಕೆ)

ಸ್ವಿಂಡನ್_ಶಿವಮೊಗ್ಗ
5 ಮೇ 2024

ಎಲ್ಲರಿಗೂ ನಮಸ್ಕಾರ, ಯುಕೆಲಿರೋರು ಯಾರಾದ್ರೂ ದಯವಿಟ್ಟು ಇದೊಂದು ನೋಡಿ ಹೇಳಿ. ನಾವು ಕಳೆದ ನವೆಂಬರ್‌ನಲ್ಲಿ ಸ್ವಿಂಡನ್‌ಗೆ ಬಂದಿದ್ದು, ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಮನೆಗೆ ಮೊದಲೇ ಯಾವ ಎನರ್ಜಿ ಕಂಪನಿ ಇತ್ತೋ ಅದರಲ್ಲೇ ಚಳಿಗಾಲ ಕಳೆದ್ವಿ, ಆಮೇಲೆ ಮಾರ್ಚ್ 11ಕ್ಕೆ ಬೇರೆ ಸಪ್ಲೈಯರ್‌ಗೆ ಸ್ವಿಚ್ ಆದ್ವಿ. ಸ್ವಿಚ್ ಆದ ದಿನಾನೇ ಹೊರಗಡೆ ಗೋಡೆ ಮೇಲಿರೋ ಬಿಳಿ ಡಬ್ಬಿ ತೆಗೆದು ಗ್ಯಾಸ್ ಮೀಟರ್ ಫೋಟೋ ತಗೊಂಡು ಹೊಸ ಕಂಪನಿ ಆಪ್‌ನಲ್ಲಿ 4312 ಅಂತ ಹಾಕಿದೀನಿ, ಅವರೂ ಅದನ್ನೇ ಓಪನಿಂಗ್ ರೀಡಿಂಗ್ ಅಂತ ತೋರಿಸ್ತಿದಾರೆ. ಕರೆಂಟಿಂದು ಏನೂ ತಕರಾರಿಲ್ಲ.

ಮೊನ್ನೆ ಮೇ 2ಕ್ಕೆ ಹಳೇ ಕಂಪನಿಯಿಂದ ಫೈನಲ್ ಬಿಲ್ ಬಂತು, ಅದರಲ್ಲಿ ಗ್ಯಾಸ್ ಕ್ಲೋಸಿಂಗ್ ರೀಡಿಂಗ್ 4587 ಅಂತಿದೆ, ಪಕ್ಕದಲ್ಲಿ ಎಸ್ಟಿಮೇಟೆಡ್ (ಅಂದಾಜು) ಅಂತ ಸಣ್ಣಕ್ಷರದಲ್ಲಿದೆ. 275 ಯೂನಿಟ್ ವ್ಯತ್ಯಾಸ! ಒಟ್ಟು 168 ಪೌಂಡ್ ಬಾಕಿ ಕಟ್ಟಿ ಅಂತ ಹೇಳ್ತಿದಾರೆ. ಫೋನ್ ಮಾಡಿದ್ರೆ ಹಳೇ ಕಂಪನಿ 'ರೀಡಿಂಗ್ ನಮಗೆ ಹೊಸ ಸಪ್ಲೈಯರ್ ಕಡೆಯಿಂದ ಬರಬೇಕು, ಅವರನ್ನ ಕೇಳಿ' ಅಂತಾರೆ, ಹೊಸ ಕಂಪನಿ ಚಾಟ್‌ನಲ್ಲಿ 'ಅದು ಹಳೇ ಬಿಲ್ಲು, ನಮಗೆ ಸಂಬಂಧ ಇಲ್ಲ' ಅಂತಾರೆ. ನಮ್ಮೂರಲ್ಲಾದ್ರೆ ಮೀಟರ್ ರೀಡರ್ ತಿಂಗಳಿಗೊಂದ್ಸಲ ಮನೆ ಬಾಗಿಲಿಗೆ ಬಂದು ನೋಡಿ ಅಲ್ಲೇ ಬಿಲ್ ಹರಿದು ಕೈಗೆ ಕೊಟ್ಟು ಹೋಗ್ತಾರೆ, ಇಂಥ ಎರಡು ಕಂಪನಿ ನಡುವಿನ ವ್ಯವಹಾರ ನಮಗೆ ಗೊತ್ತೇ ಇಲ್ಲ. ಡೈರೆಕ್ಟ್ ಡೆಬಿಟ್ ಇನ್ನೂ ಚಾಲ್ತಿಲಿದೆ, ಮುಂದಿನ ವಾರ ದುಡ್ಡು ಎಳ್ಕೋತಾರೆ ಅನ್ನೋದೇ ಚಿಂತೆ. ಕ್ಯಾನ್ಸಲ್ ಮಾಡ್ಲಾ? ಕಟ್ಟಿಬಿಟ್ಟು ಆಮೇಲೆ ಕೇಳ್ಲಾ?

---

ಹ್ಯಾರೋ_ಹಾಸನ್
5 ಮೇ 2024

ಕಟ್ಟೋದು ಬಿಡೋದು ಆಮೇಲೆ ನೋಡೋಣ, ಮೊದಲು ಒಂದು ಕೆಲಸ ಮಾಡಿ: ಈಗ್ಲೇ ಹೊರಗೆ ಹೋಗಿ ಇವತ್ತಿನ ರೀಡಿಂಗ್ ಎಷ್ಟಿದೆ ನೋಡಿ ಫೋಟೋ ತಗೊಳ್ಳಿ. ಕಪ್ಪು ಅಂಕಿ ಮಾತ್ರ, ಪಾಯಿಂಟ್ ಆದಮೇಲೆ ಕೆಂಪಗಿರೋದು ಲೆಕ್ಕಕ್ಕಿಲ್ಲ. ಅದೇ ಫೋಟೋದಲ್ಲಿ ಮೀಟರ್ ಸೀರಿಯಲ್ ನಂಬರ್ರೂ ಕಾಣ್ಬೇಕು. ಆ ನಂಬರ್ ಎರಡೂ ಕಂಪನಿ ಬಿಲ್‌ನಲ್ಲಿರೋದಕ್ಕೆ ಹೊಂದುತ್ತಾ ನೋಡಿ, ಸಾಲು ಮನೆಗಳಲ್ಲಿ, ಫ್ಲಾಟ್‌ಗಳಲ್ಲಿ ಪಕ್ಕದ ಮನೆ ಮೀಟರ್ ನಮ್ಮ ಹೆಸರಲ್ಲಿ ಸೇರ್ಕೊಂಡಿರೋ ಕೇಸ್ ಬೇಕಾದಷ್ಟಿದೆ.

ಇನ್ನೊಂದು, ಮೀಟರ್ ಮೇಲೆ ಘನ ಮೀಟರ್ ಅಂತಿದೆಯಾ, ಘನ ಅಡಿ ಅಂತಿದೆಯಾ? ಹಳೇ ಇಂಪೀರಿಯಲ್ ಮೀಟರ್ ಸಾಮಾನ್ಯವಾಗಿ 4 ಅಂಕಿ, ಹೊಸ ಮೆಟ್ರಿಕ್‌ದು 5 ಅಂಕಿ. ಇಂಪೀರಿಯಲ್ ಮೀಟರ್‌ನ ಒಂದು ಯೂನಿಟ್ ಅಂದ್ರೆ ನೂರು ಘನ ಅಡಿ, ಅಂದ್ರೆ 2.83 ಘನ ಮೀಟರ್, ಹಾಗಾಗಿ ಕಂಪನಿ ದಾಖಲೆಯಲ್ಲಿ ಇದು ಅದಲು ಬದಲಾದ್ರೆ ಬಿಲ್ ಹತ್ರ ಹತ್ರ ಮೂರು ಪಟ್ಟು ಆಗುತ್ತೆ, ಇಲ್ಲಾ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಇದು ಖಚಿತ ಆದ್ಮೇಲೆ ಮುಂದಿನ ಮಾತು.

---

ಸ್ವಿಂಡನ್_ಶಿವಮೊಗ್ಗ
5 ಮೇ 2024

ನೋಡ್ಕೊಂಡು ಬಂದೆ. ಸೀರಿಯಲ್ ನಂಬರ್ ಎರಡೂ ಬಿಲ್‌ಗೆ ಸರಿಯಾಗಿ ಹೊಂದುತ್ತೆ. ಮೆಟ್ರಿಕ್ ಮೀಟರ್, 5 ಅಂಕಿ. ಇವತ್ತಿನ ರೀಡಿಂಗ್ 04438.

---

ಹ್ಯಾರೋ_ಹಾಸನ್
5 ಮೇ 2024

ಹಾಗಾದ್ರೆ ನಿಮ್ಮ ಕೇಸ್ ಇಲ್ಲೇ ಗೆದ್ದ ಹಾಗೆ! ಮಾರ್ಚ್ 11ಕ್ಕೇ 4587 ಆಗಿತ್ತು ಅಂತ ಅವರು ಹೇಳ್ತಿದಾರೆ, ಎರಡು ತಿಂಗಳು ಹತ್ರ ಆದ್ಮೇಲೂ ಮೀಟರ್ ಇನ್ನೂ 4438ರಲ್ಲೇ ಇದೆ. ಮೀಟರ್ ಹಿಂದಕ್ಕೆ ಓಡಲ್ಲ. ಈ ಒಂದು ಫೋಟೋ ಸಾಕು, ಮಾರ್ಚ್ ಫೋಟೋಗೂ ಇದಕ್ಕೂ ಜೊತೆ ಮಾಡಿ ಕಳಿಸಿ. ಮನೆ ಒಳಗೆ ಬಂದಾಗ ಏಜೆಂಟ್ ಕೊಟ್ಟ ಇನ್ವೆಂಟರಿ ರಿಪೋರ್ಟ್ ಇರುತ್ತಲ್ಲ, ಅದರಲ್ಲಿ ಮೀಟರ್ ರೀಡಿಂಗ್ ಬರೆದಿದ್ರೆ ಅದನ್ನೂ ಲಗತ್ತಿಸಿ, ಅದು ಮೂರನೆಯವರು ಬರೆದ ದಾಖಲೆ, ಅದಕ್ಕೆ ತೂಕ ಜಾಸ್ತಿ.

ದುಡ್ಡಿನ ಲೆಕ್ಕ ಗೊತ್ತಿರ್ಲಿ. ಘನ ಮೀಟರನ್ನ 1.02264ರಿಂದ ಗುಣಿಸಿ, ಬಿಲ್‌ನಲ್ಲಿರೋ ಕ್ಯಾಲೊರಿಫಿಕ್ ವ್ಯಾಲ್ಯೂಯಿಂದ ಗುಣಿಸಿ (ಗ್ಯಾಸ್ ಉರಿದಾಗ ಎಷ್ಟು ಶಾಖ ಕೊಡುತ್ತೆ ಅನ್ನೋ ಅಂಕಿ, 39ರ ಆಸುಪಾಸು ಇರುತ್ತೆ), 3.6ರಿಂದ ಭಾಗಿಸಿದ್ರೆ ಕಿಲೋವ್ಯಾಟ್ ಅವರ್ ಬರುತ್ತೆ. 39.2 ಅಂತ ಹಿಡಿದ್ರೆ ನಿಮ್ಮ 275 ಯೂನಿಟ್ ಅಂದ್ರೆ ಸುಮಾರು 3062 ಕಿಲೋವ್ಯಾಟ್ ಅವರ್. ಮಾರ್ಚ್‌ವರೆಗಿನ ಪ್ರೈಸ್ ಕ್ಯಾಪ್‌ನಲ್ಲಿ (ರೆಗ್ಯುಲೇಟರ್ 2024ರ ಆ ಅವಧಿಗೆ ಹಾಕಿದ್ದ ಗರಿಷ್ಠ ರೇಟು) ಗ್ಯಾಸ್ ಸರಾಸರಿ ರೇಟ್ 7.42 ಪೆನ್ಸ್, ಅಂದ್ರೆ ಹೆಚ್ಚುಕಮ್ಮಿ 227 ಪೌಂಡ್. ಬಾಕಿ 168 ಅಂತಿದಾರಲ್ಲ, ಸರಿ ಮಾಡಿದ್ರೆ ಅವರೇ ನಿಮಗೆ 60 ಪೌಂಡ್ ಹತ್ರ ಕೊಡಬೇಕಾಗುತ್ತೆ.

---

ಬಿಲ್ಲಿಂಗ್_ಬೆಂಗಳೂರು
6 ಮೇ 2024

ನಾನು ಬೆಂಗಳೂರಿನಲ್ಲಿ ಯುಕೆ ಎನರ್ಜಿ ಬಿಲ್ಲಿಂಗ್ ಪ್ರಾಸೆಸ್‌ನಲ್ಲಿ ಕೆಲಸ ಮಾಡಿದವನು, ಇಂಥ ಕೇಸ್‌ಗಳನ್ನೇ ದಿನಾ ನೋಡ್ತಿದ್ದೆ, ಹಾಗಾಗಿ ಒಳಗಡೆ ಏನಾಗುತ್ತೆ ಹೇಳ್ತೀನಿ.

ಸ್ವಿಚ್ ಆಗೋ ದಿನದ ರೀಡಿಂಗ್ ಒಂದೇ ಇರಬೇಕು. ಹಳೆಯವರ ಕ್ಲೋಸಿಂಗ್, ಹೊಸಬರ ಓಪನಿಂಗ್ ಎರಡೂ ಅದೇ ಅಂಕಿ. ನೀವು ಹೊಸ ಕಂಪನಿಗೆ ಕೊಟ್ಟ ರೀಡಿಂಗ್ ನೇರವಾಗಿ ಹಳೇ ಕಂಪನಿಗೆ ಹೋಗಲ್ಲ, ನಡುವೆ ಇಂಡಸ್ಟ್ರಿ ಸಿಸ್ಟಮ್‌ನಲ್ಲಿ ವ್ಯಾಲಿಡೇಶನ್ ಆಗುತ್ತೆ, ಆ ಮನೆಯ ಹಿಂದಿನ ಬಳಕೆಗೆ ಹೋಲಿಸಿ ನೋಡ್ತಾರೆ. ಹಿಂದೆ ಆ ಮನೇಲಿ ದೊಡ್ಡ ಸಂಸಾರ ಇದ್ದು ಹೀಟಿಂಗ್ ಜೋರಾಗಿ ಬಳಸ್ತಿದ್ರೆ ನಿಮ್ಮ ರೀಡಿಂಗ್ 'ತುಂಬಾ ಕಮ್ಮಿ' ಅಂತ ಕಾಣುತ್ತೆ, ಅಥವಾ ಹೊಸ ಕಂಪನಿ ನಿಮ್ಮ ರೀಡಿಂಗನ್ನ ಆಪ್‌ನಲ್ಲಿ ಮಾತ್ರ ಇಟ್ಕೊಂಡು ಟೈಮಿಗೆ ಸರಿಯಾಗಿ ಮುಂದೆ ಕಳಿಸದೇ ಇದ್ದಿರಬಹುದು. ಎರಡರಲ್ಲಿ ಯಾವುದೇ ಆಗಿದ್ರೂ, ಸಿಸ್ಟಮ್ ತಾನೇ ಒಂದು ಎಸ್ಟಿಮೇಟ್ ಹುಟ್ಟಿಸುತ್ತೆ, ಹಳೇ ಕಂಪನಿ ಆ ಎಸ್ಟಿಮೇಟ್ ಮೇಲೆ ಬಿಲ್ ಮುಚ್ಚುತ್ತೆ. ನಿಮ್ಮ ಆಪ್‌ನಲ್ಲಿ 4312 ಕಾಣ್ತಿದೆ ಅಂದ ಮಾತ್ರಕ್ಕೆ ಇಂಡಸ್ಟ್ರಿ ದಾಖಲೇಲೂ 4312 ಇದೆ ಅಂತಲ್ಲ, ಜನ ಇಲ್ಲೇ ಸಿಕ್ಕಿಹಾಕ್ಕೊಳ್ಳೋದು.

ಇದಕ್ಕೆ ಒಂದು ನಿಗದಿತ ದಾರಿ ಇದೆ, ಅದರ ಹೆಸರು 'ಡಿಸ್ಪ್ಯೂಟೆಡ್ ರೀಡಿಂಗ್'. ಗ್ಯಾಸ್‌ಗೆ ಒಳಗಡೆ 'ಶಿಪ್ಪರ್ ಅಗ್ರೀಡ್ ರೀಡ್' ಅಂತಾರೆ, ಎರಡೂ ಕಡೆಯವರು ಮಾತಾಡಿ ಒಂದು ರೀಡಿಂಗ್‌ಗೆ ಒಪ್ಪಿ ದಾಖಲೆ ತಿದ್ದೋದು. ಇದನ್ನ ಹೊಸ ಕಂಪನಿ ಕೈಲೇ ಶುರು ಮಾಡಿಸಬಹುದು, ಹಾಗಾಗಿ 'ನಮಗೆ ಸಂಬಂಧ ಇಲ್ಲ' ಅಂತ ಚಾಟ್‌ನವರು ಹೇಳಿದ್ದು ತಪ್ಪು. ಚಾಟ್ ಬಿಟ್ಟು ಇಮೇಲ್ ಮಾಡಿ. ಬರೀಬೇಕಾಗಿರೋದು ಇಷ್ಟೇ: ಗ್ಯಾಸ್ ಮೀಟರ್‌ನ ಎಂಪಿಆರ್‌ಎನ್ (ಬಿಲ್‌ನಲ್ಲಿ ಇರುತ್ತೆ, ನಿಮ್ಮ ಮನೆ ಗ್ಯಾಸ್ ಸಪ್ಲೈನ ಗುರುತಿನ ನಂಬರ್, 6ರಿಂದ 10 ಅಂಕಿ), ಸೀರಿಯಲ್ ನಂಬರ್, ಸಪ್ಲೈ ಶುರುವಾದ ದಿನ, ನಿಮ್ಮ ರೀಡಿಂಗ್, ಹಳೆಯವರ ರೀಡಿಂಗ್, ಇವತ್ತಿನ ರೀಡಿಂಗ್, ಫೋಟೋಗಳು. ಕೊನೇಗೆ 'ಡಿಸ್ಪ್ಯೂಟೆಡ್ ಚೇಂಜ್ ಆಫ್ ಸಪ್ಲೈಯರ್ ರೀಡಿಂಗ್ ರೈಸ್ ಮಾಡಿ' ಅನ್ನೋ ಮಾತು ಹಾಗೇ ಇರ್ಲಿ. ಈ ಪದ ಕಂಡ್ರೆ ಇಮೇಲ್ ಸರಿಯಾದ ಟೀಮ್‌ಗೆ ಹೋಗುತ್ತೆ, 'ಬಿಲ್ ಜಾಸ್ತಿ ಬಂದಿದೆ' ಅಂತ ಬರೆದ್ರೆ ಸಾಮಾನ್ಯ ಕ್ಯೂನಲ್ಲಿ ಕೂತಿರುತ್ತೆ. ಅದೇ ಇಮೇಲ್‌ನ ಹಳೇ ಕಂಪನಿಗೂ ಕಳಿಸಿ, ಡಿಸ್ಪ್ಯೂಟ್ ನಡೀತಿದೆ, ಅದು ಮುಗಿಯೋವರೆಗೂ ಖಾತೇನ ಹೋಲ್ಡ್‌ನಲ್ಲಿಡಿ, ವಸೂಲಿಗೆ ಕಳಿಸಬೇಡಿ ಅಂತ ಬರೆದು.

ಒಂದು ಎಚ್ಚರಿಕೆ. ವ್ಯತ್ಯಾಸ ತುಂಬಾ ಸಣ್ಣದಿದ್ರೆ ಕಂಪನಿಗಳು ಡಿಸ್ಪ್ಯೂಟ್ ತಗೊಳ್ಳಲ್ಲ. ನಿಮ್ಮದು ಅಷ್ಟು ಸಣ್ಣದಲ್ಲ, ಅವರು ಹಾಗಂದ್ರೆ ಒಪ್ಕೋಬೇಡಿ.

---

ಲೀಡ್ಸ್_ಮಲ್ನಾಡ್
6 ಮೇ 2024

ಇದು ಗ್ಯಾಸ್ ಥ್ರೆಡ್ ಅಂತ ಗೊತ್ತು, ಆದ್ರೂ ಹೇಳ್ತೀನಿ, ಇಲ್ಲಿ ಹುಡುಕ್ಕೊಂಡು ಬರೋರಿಗೆ ಬೇಕಾಗುತ್ತೆ. ಫ್ಲಾಟ್‌ನಲ್ಲಿ ಗ್ಯಾಸ್ ಇಲ್ಲದೇ ಸ್ಟೋರೇಜ್ ಹೀಟರ್ (ರಾತ್ರಿ ಕರೆಂಟ್‌ನಲ್ಲಿ ಶಾಖ ಕೂಡಿಟ್ಕೊಂಡು ಹಗಲು ಬಿಡೋ ಹೀಟರ್) ಇದ್ದು ಎಕಾನಮಿ 7 ಮೀಟರ್ ಇರೋರು ಸ್ವಿಚ್ ಆಗುವಾಗ ಇನ್ನೂ ಹುಷಾರಾಗಿರಬೇಕು. ಎಕಾನಮಿ 7 ಅಂದ್ರೆ ರಾತ್ರಿ ಏಳು ಗಂಟೆ ಕಡಿಮೆ ರೇಟು, ಉಳಿದದ್ದು ಜಾಸ್ತಿ ರೇಟು, ಮೀಟರ್‌ನಲ್ಲಿ ಎರಡು ರೀಡಿಂಗ್. ನಮ್ಮ ಮನೇಲಿ ಸ್ವಿಚ್ ಆದಾಗ ಹೊಸ ಕಂಪನಿ ಹಗಲಿನ ರೀಡಿಂಗ್ ರಾತ್ರಿಗೆ, ರಾತ್ರೀದು ಹಗಲಿಗೆ ಹಾಕ್ಕೊಂಡುಬಿಟ್ಟಿತ್ತು, ಸ್ಟೋರೇಜ್ ಹೀಟರ್ ರಾತ್ರಿ ಎಲ್ಲಾ ಎಳ್ಕೊಂಡ ಕರೆಂಟ್‌ಗೆಲ್ಲಾ ಹಗಲಿನ ರೇಟು ಬೀಳ್ತಿತ್ತು. ಒಟ್ಟು ಯೂನಿಟ್ ಸರಿಯಾಗೇ ಇರೋದ್ರಿಂದ ಮೇಲ್ನೋಟಕ್ಕೆ ಗೊತ್ತೇ ಆಗಲ್ಲ, ಬಿಲ್ ಮಾತ್ರ ಏರ್ತಾ ಹೋಗುತ್ತೆ.

ಕಂಡುಹಿಡಿಯೋದು ಸುಲಭ. ಮಧ್ಯಾಹ್ನ ಎರಡೂ ರೀಡಿಂಗ್ ಫೋಟೋ ತಗೊಳ್ಳಿ, ಓವನ್ ಹಚ್ಚಿ ಒಂದರ್ಧ ಮುಕ್ಕಾಲು ಗಂಟೆ ಬಿಡಿ, ಮತ್ತೆ ಫೋಟೋ ತಗೊಳ್ಳಿ. ಯಾವ ಅಂಕಿ ಮೇಲೆ ಹೋಯ್ತೋ ಅದು ಹಗಲಿಂದು. ಮೀಟರ್ ಮೇಲೆ 1, 2 ಅಂತ ಇದ್ರೆ 1 ಅಂದ್ರೆ ಹಗಲೇ ಇರಬೇಕು ಅಂತ ಊಹೆ ಮಾಡ್ಬೇಡಿ, ಒಂದೊಂದು ಮೀಟರ್‌ನಲ್ಲಿ ಒಂದೊಂದು ಥರ. ನಾವು ಎರಡೂ ಫೋಟೋ, ಟೈಮ್ ಸಮೇತ ಕಳಿಸಿದ್ಮೇಲೇನೇ ಅವರು ಒಪ್ಪಿ ಹಿಂದಿನ ಬಿಲ್ ಎಲ್ಲಾ ಮತ್ತೆ ಹಾಕಿದ್ದು.

---

ಹುಬ್ಬಳ್ಳಿ_ಮಂದಿ_ಗ್ಲಾಸ್ಗೋ
6 ಮೇ 2024

ಸ್ವಿಂಡನ್ ಅವರ, ಡೈರೆಕ್ಟ್ ಡೆಬಿಟ್ ಬಗ್ಗೆ ಯಾರೂ ಹೇಳ್ಲೇ ಇಲ್ಲಲ್ರಿ. ಸುಮ್ನ ಬ್ಯಾಂಕ್ ಆಪ್‌ನ್ಯಾಗ ಕ್ಯಾನ್ಸಲ್ ಒತ್ತಿ ಕೂಡಬ್ಯಾಡ್ರಿ. ಅವರ ಸಿಸ್ಟಮ್‌ನ್ಯಾಗ ನೀವು ರೊಕ್ಕ ಕೊಡದ ಗಿರಾಕಿ ಆಗ್ತೀರಿ, ಆಮ್ಯಾಲ ರಿಮೈಂಡರ್, ಅದರ ಹಿಂದ ಡೆಟ್ ಕಲೆಕ್ಷನ್ ಪತ್ರ ತಾನೇ ಬರ್ತೈತಿ, ಇಲ್ಲಿ ಹೊಸದಾಗಿ ಬಂದವರಿಗೆ ಕ್ರೆಡಿಟ್ ಫೈಲ್ ಹಾಳಾದ್ರ ಫೋನ್ ಕಾಂಟ್ರ್ಯಾಕ್ಟ್‌ನಿಂದ ಹಿಡಿದು ಮಾರ್ಟ್‌ಗೇಜ್ ತನಕ ತ್ರಾಸ ಐತಿ. ಮೊದಲ ಬರವಣಿಗಿಯೊಳಗ ತಿಳಸ್ರಿ: ಇಂಥಾ ಬಿಲ್ ಒಪ್ಪಂಗಿಲ್ಲ, ಇಂಥಾ ಕಾರಣ, ಒಪ್ಪಿದ ಭಾಗ ಏನರ ಇದ್ರ ಅಷ್ಟ ಕಟ್ತೇನಿ ಅಂತ. ನಿಮ್ಮ ಲೆಕ್ಕದಾಗ ಬಾಕಿನ ಇಲ್ಲ, ಅದನ್ನೂ ಅಂಕಿ ಸಮೇತ ಹೇಳ್ರಿ. ಒಂದ ವ್ಯಾಳೆ ಹೋಲ್ಡ್ ಮಾಡೂದರೊಳಗ ರೊಕ್ಕ ಎಳಕೊಂಡ್ರಂದ್ರ ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಅಂತ ಐತಿ, ತಪ್ಪಿ ತಗೊಂಡಿದ್ದನ್ನ ಬ್ಯಾಂಕಿನಿಂದನ ವಾಪಸ್ ಕೇಳಬಹುದು, ಆದ್ರ ಕಂಪನಿ ಜೋಡಿ ವ್ಯಾಜ್ಯ ಅದರಿಂದ ಮುಗಿಯಂಗಿಲ್ಲ.

ಮತ್ತ ಇಮೇಲ್‌ನ್ಯಾಗ 'ಕಂಪ್ಲೇಂಟ್' ಅನ್ನೂ ಶಬ್ದ ಇರಲೇಬೇಕ್ರಿ. ವಿಚಾರಣೆ, ಕ್ವೈರಿ ಅಂತ ಬರದ್ರ ಅವರು ಗಡಿಯಾರ ಚಾಲೂ ಮಾಡಂಗಿಲ್ಲ. ಕಂಪ್ಲೇಂಟ್ ಅಂತ ದಾಖಲ್ ಆದ ದಿನದಿಂದ 8 ವಾರ ಅವರಿಗೆ ಟೈಮ್, ಅಷ್ಟರಾಗ ಬಗೆಹರಿಲಿಲ್ಲ ಅಂದ್ರ, ಇಲ್ಲಾ ಅದಕ್ಕೂ ಮೊದಲ 'ನಮ್ಮ ಕೊನೀ ಮಾತು ಇದು' ಅಂತ ಡೆಡ್‌ಲಾಕ್ ಪತ್ರ ಕೊಟ್ರ, ಎನರ್ಜಿ ಓಂಬುಡ್ಸ್‌ಮನ್ (ಗಿರಾಕಿ-ಕಂಪನಿ ವ್ಯಾಜ್ಯ ಬಗೆಹರಿಸೂ ಸ್ವತಂತ್ರ ಸಂಸ್ಥೆ) ಹಂತೇಕ ಹೋಗಬಹುದು. ನಮಗ ಒಂದು ಪೈಸಾ ಖರ್ಚಿಲ್ಲ. ಅವರ ತೀರ್ಪು ನಾವು ಒಪ್ಪಿದ್ರ ಕಂಪನಿ ಪಾಲಸಬೇಕು, ನಾವು ಒಪ್ಪಲಿಲ್ಲಂದ್ರ ಕೋರ್ಟ್ ದಾರಿ ಹಂಗ ತೆರದ ಇರ್ತೈತಿ. ಆಫ್‌ಜೆಮ್‌ಗೆ ಬರದ್ರ ಉಪಯೋಗಿಲ್ರಿ, ಅದು ರೆಗ್ಯುಲೇಟರ್, ಒಬ್ಬೊಬ್ಬರ ಬಿಲ್ ತಕರಾರು ನೋಡಂಗಿಲ್ಲ. ಇಂಗ್ಲೆಂಡ್, ವೇಲ್ಸ್‌ನ್ಯಾಗ ಇದ್ದವರು ಅದಕ್ಕಿಂತ ಮೊದಲ ಸಿಟಿಜನ್ಸ್ ಅಡ್ವೈಸ್‌ಗೆ ಫೋನ್ ಹಚ್ಚ್ರಿ, ಪುಕ್ಕಟ ಸಲಹಾ ಸಿಗತೈತಿ.

---

ಹ್ಯಾರೋ_ಹಾಸನ್
6 ಮೇ 2024

ಮೇಲಿನ ಮಾತಿಗೆ ಒಂದು ಸೇರಿಸ್ತೀನಿ. ಫೈನಲ್ ಬಿಲ್ ಸ್ವಿಚ್ ಆಗಿ 6 ವಾರದೊಳಗೆ ಬರಬೇಕು ಅನ್ನೋದು ನಿಯಮ. ನಿಮ್ಮದು ಮಾರ್ಚ್ 11, ಆರು ವಾರ ಅಂದ್ರೆ ಏಪ್ರಿಲ್ 22. ಬಿಲ್ ಬಂದಿದ್ದು ಮೇ 2. ಬಿಲ್ ತಡ ಆದ್ರೆ (2024ರ ಲೆಕ್ಕದಲ್ಲಿ) 30 ಪೌಂಡ್ ಪರಿಹಾರ ಇದೆ, ಕೇಳದೇನೇ ಕೊಡಬೇಕು, ಆದ್ರೆ ಕೊಟ್ಟಿಲ್ಲ ಅಂದ್ರೆ ಅದೇ ಕಂಪ್ಲೇಂಟ್‌ನಲ್ಲಿ ಒಂದು ಸಾಲು ಬರೆದು ಕೇಳಿ, ಹಿಂಜರಿಯೋದೇನಿಲ್ಲ. ಬಿಲ್ ಮೇಲಿರೋ ದಿನಾಂಕ ನೋಡ್ಕೊಳ್ಳಿ, ನಿಮಗೆ ತಲುಪಿದ್ದಲ್ಲ, ಅವರು ಹೊರಡಿಸಿದ್ದು.

---

ಮಿಲ್ಟನ್_ಕೀನ್ಸ್_ಮೈಸೂರು
7 ಮೇ 2024

ಒಂದು ಡೌಟು. ನನಗೂ ಇದೇ ಥರ ಎಸ್ಟಿಮೇಟ್ ಜಾಸ್ತಿ ಹಾಕಿದಾರೆ, ಆದ್ರೆ ನನ್ನ ಕೇಸ್‌ನಲ್ಲಿ ಹೊಸ ಕಂಪನೀನೂ ಅದೇ ಎಸ್ಟಿಮೇಟ್‌ನಿಂದ ಶುರು ಮಾಡಿದೆ. ಹಾಗಾದ್ರೆ ಈಗ ಜಾಸ್ತಿ ಕಟ್ಟಿದ್ದು ಮುಂದೆ ಹೊಸ ಕಂಪನೀಲಿ ಕಮ್ಮಿ ಆಗಿ ಸರಿಹೋಗುತ್ತೆ ಅಲ್ವಾ, ಸುಮ್ನೆ ಬಿಟ್ಟುಬಿಡ್ಲಾ?

---

ಬಿಲ್ಲಿಂಗ್_ಬೆಂಗಳೂರು
7 ಮೇ 2024

ಒಳ್ಳೇ ಪ್ರಶ್ನೆ. ಎರಡೂ ಕಡೆ ಒಂದೇ ಅಂಕಿ ಇದ್ರೆ ಒಂದೇ ಯೂನಿಟ್‌ಗೆ ಎರಡು ಸಲ ಕಟ್ಟೋ ಅಪಾಯ ಇಲ್ಲ, ಅದು ನಿಜ. ನಷ್ಟ ಆಗೋದು ರೇಟ್ ವ್ಯತ್ಯಾಸದಷ್ಟು. ಮಾರ್ಚ್‌ವರೆಗೆ ಗ್ಯಾಸ್ ಕ್ಯಾಪ್ 7.42 ಪೆನ್ಸ್ ಇತ್ತು, 2024ರ ಏಪ್ರಿಲ್ 1ರಿಂದ 6.04 ಆಯ್ತು. ಮೇಲಿನವರ 3062 ಕಿಲೋವ್ಯಾಟ್ ಅವರನ್ನೇ ತಗೊಂಡ್ರೆ ಸುಮಾರು 42 ಪೌಂಡ್ ಹೋಗುತ್ತೆ. ರೇಟ್ ಏರೋ ಕಾಲದಲ್ಲಾದ್ರೆ ಉಲ್ಟಾ ನಿಮಗೇ ಲಾಭ ಆಗಬಹುದು.

ಆದ್ರೂ ಸುಮ್ನೆ ಬಿಡಬೇಡಿ ಅಂತಲೇ ಹೇಳ್ತೀನಿ, ಕಾರಣ ಬೇರೆ. ಓಪನಿಂಗ್ ರೀಡಿಂಗ್ 4587 ಅಂತ ಕೂತಿದೆ, ನೀವು ಮುಂದಿನ ತಿಂಗಳು ನಿಜವಾದ 4438 ಕೊಡ್ತೀರಿ ಅಂತಿಟ್ಕೊಳ್ಳಿ. ಸಿಸ್ಟಮ್‌ಗೆ ಹೊಸ ರೀಡಿಂಗ್ ಹಳೇದಕ್ಕಿಂತ ಕಮ್ಮಿ. ಒಂದೋ ಅದು ರೀಡಿಂಗನ್ನ ತಳ್ಳಿಹಾಕಿ ಎಸ್ಟಿಮೇಟ್ ಮೇಲೆ ಎಸ್ಟಿಮೇಟ್ ಹಾಕ್ತಾ ಹೋಗುತ್ತೆ, ಇಲ್ಲಾ ಮೀಟರ್ 99999 ಮುಟ್ಟಿ ಸೊನ್ನೆಯಿಂದ ಮತ್ತೆ ಶುರುವಾಗಿದೆ ಅಂತ ತಿಳ್ಕೊಂಡು ಸಾವಿರಾರು ಪೌಂಡ್ ಬಿಲ್ ಕಕ್ಕುತ್ತೆ. ಅಂಥ ಬಿಲ್ ಕೈಗೆ ಬಂದು ಅಳ್ತಾ ಫೋನ್ ಮಾಡಿದವರ ಜೊತೆ ನಾನು ಮಾತಾಡಿದೀನಿ, ವಯಸ್ಸಾದವರಿಗೆ ಎಷ್ಟು ಗಾಬರಿ ಆಗುತ್ತೆ ಅಂದ್ರೆ ಹೀಟಿಂಗ್ ಆಫ್ ಮಾಡ್ಕೊಂಡು ಚಳಿಯಲ್ಲಿ ಕೂತಿರ್ತಾರೆ. ಅದಕ್ಕೇ ಹೇಳ್ತಿರೋದು, ಮೊದಲ ಬಿಲ್‌ನಲ್ಲೇ ಸರಿಮಾಡಿಸಿ.

ಸ್ಮಾರ್ಟ್ ಮೀಟರ್ ಇದೆಯಾ ನಿಮ್ಮನೇಲಿ? ಇದ್ರೆ ಅರ್ಧರ್ಧ ಗಂಟೆ ಬಳಕೆಯ ಲೆಕ್ಕ 13 ತಿಂಗಳವರೆಗೆ ಮೀಟರ್ ಒಳಗೇ ಉಳಿದಿರುತ್ತೆ. ಸಿಗ್ನಲ್ ಹೋಗಿ ರೀಡಿಂಗ್ ಕಂಪನಿಗೆ ತಲುಪಿಲ್ಲ ಅಂದ್ರೂ ಮತ್ತೆ ಕನೆಕ್ಷನ್ ಬಂದ್ಮೇಲೆ ಸ್ವಿಚ್ ದಿನದ ಹತ್ತಿರದ ಲೆಕ್ಕ ತೆಗೀಬಹುದು, 'ಡೇಟಾ ಇಲ್ಲ' ಅಂತ ಹೇಳಿದ ಕೂಡಲೇ ಸುಮ್ಮನಾಗಬೇಡಿ.

---

ಸ್ವಿಂಡನ್_ಶಿವಮೊಗ್ಗ
8 ಜೂನ್ 2024

ಎಲ್ಲರಿಗೂ ಅಪ್‌ಡೇಟ್. ಬಿಲ್ಲಿಂಗ್_ಬೆಂಗಳೂರು ಅವರು ಹೇಳಿದ ಮಾತನ್ನೇ ಹಾಗೇ ಬರೆದು ಎರಡೂ ಕಂಪನಿಗೆ ಕಂಪ್ಲೇಂಟ್ ಅಂತ ಇಮೇಲ್ ಹಾಕಿದೆ, ಮಾರ್ಚ್ ಫೋಟೋ, ಮೇ ಫೋಟೋ, ಇನ್ವೆಂಟರಿ ಪುಟ (ನವೆಂಬರ್‌ನಲ್ಲಿ ಏಜೆಂಟ್ 3940 ಅಂತ ಬರೆದಿದ್ರು) ಮೂರೂ ಸೇರಿಸಿ. ಈ ಸಲ ಹೊಸ ಕಂಪನಿಯಿಂದ ಬೇರೆ ಟೀಮ್‌ನವರು ಉತ್ತರ ಕೊಟ್ರು, ಡಿಸ್ಪ್ಯೂಟ್ ರೈಸ್ ಮಾಡಿದೀವಿ ಅಂತ. ಹಳೆಯವರು ಡೆಬಿಟ್ ನಿಲ್ಲಿಸಿದ್ರು. ನಿನ್ನೆ ತಿದ್ದಿದ ಫೈನಲ್ ಬಿಲ್ ಬಂತು, ಕ್ಲೋಸಿಂಗ್ 4312! ಬಾಕಿ ಹೋಗಿ ಈಗ 59 ಪೌಂಡ್ ಕ್ರೆಡಿಟ್ ಅಂತ ತೋರಿಸ್ತಿದೆ. ನೀವೆಲ್ಲಾ ಇಷ್ಟು ಬಿಡಿಸಿ ಹೇಳದೇ ಇದ್ದಿದ್ರೆ ನಾವು ಹೆದರಿಕೊಂಡು ಆ 168 ಕಟ್ಟಿಬಿಡ್ತಿದ್ವಿ, ಮನೆಯವರೂ ನಿಮಗೆಲ್ಲಾ ತುಂಬಾ ಥ್ಯಾಂಕ್ಸ್ ಹೇಳೋಕೆ ಹೇಳಿದಾರೆ.

ಕೊನೇ ಪ್ರಶ್ನೆ, ಈ 59 ಪೌಂಡ್ ತಾನೇ ಬರುತ್ತಾ ನಾವೇ ಕೇಳ್ಬೇಕಾ? 30 ಪೌಂಡ್ ಬಗ್ಗೆ ಏನೂ ಹೇಳಿಲ್ಲ.

---

ಹ್ಯಾರೋ_ಹಾಸನ್
8 ಜೂನ್ 2024

ತುಂಬಾ ಖುಷಿ ಆಯ್ತು! ಕ್ರೆಡಿಟ್ ತಾನೇ ಬರಬೇಕು, ಫೈನಲ್ ಬಿಲ್ ಹೊರಡಿಸಿ 10 ವರ್ಕಿಂಗ್ ಡೇಸ್ ಒಳಗೆ. ಬಿಲ್ ತಾರೀಖು ಜೂನ್ 7 ಆಗಿದ್ರೆ ಜೂನ್ 21ರವರೆಗೆ ನೋಡಿ, ಬರ್ಲಿಲ್ಲ ಅಂದ್ರೆ ಅದಕ್ಕೂ ಬೇರೆ (2024ರ ಲೆಕ್ಕದಲ್ಲಿ) 30 ಪೌಂಡ್ ಪರಿಹಾರ ಇದೆ. ಡೈರೆಕ್ಟ್ ಡೆಬಿಟ್ ಮುಚ್ಚಿರೋದ್ರಿಂದ ಅವರ ಹತ್ರ ನಿಮ್ಮ ಬ್ಯಾಂಕ್ ಡೀಟೇಲ್ಸ್ ಇನ್ನೂ ಇದೆಯಾ ಕೇಳ್ಕೊಳ್ಳಿ, ಇಲ್ಲಾಂದ್ರೆ ಚೆಕ್ ಕಳಿಸ್ತಾರೆ. ಬಿಲ್ ತಡ ಆಗಿದ್ದಕ್ಕೆ ಬರಬೇಕಾದ 30 ಪೌಂಡ್ ಕೊಡೋವರೆಗೂ ಕಂಪ್ಲೇಂಟ್ ಕ್ಲೋಸ್ ಮಾಡೋಕೆ ಒಪ್ಕೋಬೇಡಿ, 'ಬಗೆಹರಿದಿದೆಯಾ' ಅಂತ ಇಮೇಲ್ ಬಂದ್ರೆ ಇಲ್ಲ, ಇದೊಂದು ಬಾಕಿ ಇದೆ ಅಂತ ಉತ್ತರ ಹಾಕಿ.

---

ಬಿಲ್ಲಿಂಗ್_ಬೆಂಗಳೂರು
9 ಜೂನ್ 2024

ಸಂತೋಷ ಆಯ್ತು. ಹೊಸ ಕಂಪನಿಯ ಮುಂದಿನ ಸ್ಟೇಟ್‌ಮೆಂಟ್‌ನಲ್ಲೂ ಓಪನಿಂಗ್ 4312 ಅಂತಲೇ ಇದೆಯಾ, ಪಕ್ಕದಲ್ಲಿ ಎಸ್ಟಿಮೇಟೆಡ್ ಅಂತ ಇಲ್ವಲ್ಲಾ ಅಂತ ಒಂದ್ಸಲ ನೋಡ್ಕೊಳ್ಳಿ. ಅಗ್ರೀಡ್ ರೀಡ್ ಹಾಕುವಾಗ ಕೆಲವು ಸಲ ಹೊಸ ಖಾತೆಯ ಬಿಲ್ ರದ್ದಾಗಿ ಮತ್ತೆ ಬರುತ್ತೆ, ಹಾಗೆ ಎರಡು ಬಿಲ್ ಬಂದ್ರೆ ಗಾಬರಿ ಬೇಡ, ಆಮೇಲೆ ಬಂದಿದ್ದನ್ನ ಇಟ್ಕೊಳ್ಳಿ. ಆ ಫೋಟೋಗಳನ್ನ ಸದ್ಯಕ್ಕೆ ಡಿಲೀಟ್ ಮಾಡಬೇಡಿ.